ಹತ್ತು ಜಿಬಿಯ ಕೊನೆಯ ತುಣುಕು

1999ರಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಮೂರು ವರ್ಷವಾಗಿತ್ತು. ಹರಿಹರದ ಗಿರಾಕಿಗಳೆಲ್ಲ ನನ್ನ ಪಾಲಿಗೆ ಬಂದಿದ್ದರಿಂದ ವಾರಕ್ಕೆ ಎರಡು ಮೂರು ಸಲ ಸ್ಕ್ರೂಡ್ರೈವರ್, ಫ್ಲಾಪಿಗಳನ್ನು ತುಂಬಿದ ಚೀಲ ಹಿಡಿದು ಬಸ್ ಹತ್ತುತ್ತಿದ್ದೆ. ಈಗ ಹೇಳಹೊರಟ ಪ್ರಸಂಗ ನಡೆದದ್ದು ಆ ವರ್ಷದ ಶ್ರಾವಣದ ಆಸುಪಾಸಿನಲ್ಲಿ. ತಿಂಗಳು ಖಚಿತವಿಲ್ಲ. ಖಚಿತವಿಲ್ಲದ ಸಂಗತಿ ಅದೊಂದೇ ಅಲ್ಲ. ಉಳಿದದ್ದು ಬಂದಾಗ ಹೇಳುತ್ತೇನೆ.

ಗಿರಾಕಿ ಮುರಿಗೆಪ್ಪ. ಹರಿಹರದಲ್ಲಿ ಹತ್ತು ಹನ್ನೆರಡು ಜನರ ವರ್ಕ್‌ಶಾಪ್ ನಡೆಸುತ್ತಿದ್ದರು. ಪಂಪುಗಳಿಗೆ ಬೇಕಾದ ಶಾಫ್ಟ್, ಬುಷ್‌ಗಳನ್ನು ಅಲ್ಲಿ ಕಡೆದು ದೊಡ್ಡ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ಅವರಲ್ಲಿ ಒಂದೇ ಒಂದು ಸಿಎನ್‌ಸಿ ಲೇತ್ ಇತ್ತು. ಅಂದರೆ ಕೈಯಿಂದ ತಿರುಗಿಸುವ ಬದಲು, ಬರೆದುಕೊಟ್ಟ ಪ್ರೋಗ್ರಾಮಿನಂತೆ ತಾನೇ ಲೋಹ ಕಡೆಯುವ ಯಂತ್ರ. ಪ್ರತಿಯೊಂದು ಭಾಗಕ್ಕೂ ಒಂದೊಂದು ಪ್ರೋಗ್ರಾಮ್. ಆರು ವರ್ಷಗಳಲ್ಲಿ ಅಂಥ ಸುಮಾರು ಮುನ್ನೂರು ಪ್ರೋಗ್ರಾಮ್‌ಗಳನ್ನು ಬರೆದಿದ್ದವರು ರುದ್ರಪ್ಪ. ಹರಿಹರದ ಬಳಿಯ ಭಾನುವಳ್ಳಿಯವರು, ಐವತ್ತರ ಹತ್ತಿರದ ವಯಸ್ಸು, ಹತ್ತನೇ ಕ್ಲಾಸಿನವರೆಗೆ ಓದಿದ್ದರು. ಇಂಗ್ಲಿಷ್ ಕೀಬೋರ್ಡಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಎಲ್ಲವನ್ನೂ ಸೇರಿಸಿದ್ದರು. ಪ್ರೋಗ್ರಾಮ್‌ಗಳು ಲೇತಿನ ಪಕ್ಕದ ಕಂಪ್ಯೂಟರಿನಲ್ಲಿದ್ದು, ಅಲ್ಲಿಂದ ಒಂದು ಕೇಬಲ್ ಮೂಲಕ ಯಂತ್ರಕ್ಕೆ ಹೋಗುತ್ತಿದ್ದವು.

ಆ ಕಂಪ್ಯೂಟರ್ ಸತ್ತಿತು. ಹೊಸದನ್ನು ನಮ್ಮ ಸಂಸ್ಥೆಯಿಂದಲೇ ಕೊಂಡರು. ಯಂತ್ರಕ್ಕೆ ಪ್ರೋಗ್ರಾಮ್ ಕಳಿಸುವ ತಂತ್ರಾಂಶ ಮಾತ್ರ ಹಳೆಯದು, ವಿಂಡೋಸ್‌ಗೂ ಹಿಂದಿನ ಡಾಸ್‌ನಲ್ಲಷ್ಟೇ ನಡೆಯುತ್ತಿತ್ತು. ವಿಂಡೋಸ್ 98ರಲ್ಲಿ ಹಾಕಿ ನೋಡಿದರೆ ದಾರಿಯಲ್ಲಿ ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ಲೇತಿಗೆ ಒಂದು ಅಂಕಿ ತಪ್ಪಿ ಹೋದರೆ ಉಳಿ ನೇರ ಹೋಗಿ ಲೋಹದ ತುಂಡನ್ನು ಹಿಡಿದು ತಿರುಗಿಸುವ ಚಕ್‌ಗೆ ಬಡಿಯುತ್ತದೆ, ಎದುರು ನಿಂತವನ ಮುಖಕ್ಕೆ ಚೂರು ಹಾರುತ್ತದೆ. ಹಾಗಾಗಿ ಹೊಸ ಕಂಪ್ಯೂಟರಿಗೆ ಹಳೆಯ ಡಾಸ್ ಅನ್ನೇ ಹಾಕಬೇಕಾಯಿತು.

ಹೊಸ ಹಾರ್ಡ್‌ಡಿಸ್ಕ್ 10 ಜಿಬಿಯದು. ಅದಕ್ಕಿಂತ ಚಿಕ್ಕದು ಆಗ ನಮ್ಮ ಅಂಗಡಿಯಲ್ಲಿ ಉಳಿದಿರಲಿಲ್ಲ. ಹಳೆಯ ಡಾಸ್ ಒಂದು ಭಾಗಕ್ಕೆ 2 ಜಿಬಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಒಟ್ಟು ಡಿಸ್ಕಿನಲ್ಲಿ 8.4 ಜಿಬಿಯ ಆಚೆಗೆ ಏನಿದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ನಾನು ನಾಲ್ಕು ಭಾಗ ಮಾಡಿದೆ: ಸಿ, ಡಿ, ಇ, ಎಫ್. ಉಳಿದದ್ದನ್ನು ಖಾಲಿ ಬಿಟ್ಟು, ಹೀಗೆ ಹೀಗೆ ಎಂದು ಮುರಿಗೆಪ್ಪನವರಿಗೆ ವಿವರಿಸಿದೆ. ಅವರು ಸುತ್ತಲೂ ನಿಂತವರಿಗೆ ಕೇಳುವಂತೆ ಹೇಳಿದರು:

"ಮಾರೋವಾಗ ಹತ್ತು ಅಂತೀರಿ, ಕೂಡ್ಸಿದ ಮ್ಯಾಲೆ ಎಂಟು ಅಂತೀರಿ. ಉಳಿದ ಎರಡು ಎಲ್ಲಿ ಹೋದ್ವು ಇಂಜಿನಿಯರ್ರೆ, ದಾವಣಗೆರೆ ಬಸ್ಸಿನಾಗೆ ಬಿಟ್ಟು ಬಂದ್ರಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಗಷ್ಟೇ ಬಂದಿದ್ದ ಡಿಸ್ಕನ್ನು ಭಾಗ ಮಾಡುವ ಒಂದು ತಂತ್ರಾಂಶದ ಫ್ಲಾಪಿ ನನ್ನ ಚೀಲದಲ್ಲಿತ್ತು. ಅದರಿಂದ ಕೊನೆಯ ತುಣುಕನ್ನೂ ಒಂದು ಭಾಗವಾಗಿ ಮಾಡಿ, ಡಾಸ್‌ಗೆ ಕಾಣಲೆಂದು ಹಳೆಯ ನಮೂನೆಯ ಗುರುತು ಹಾಕಿದೆ. ಮತ್ತೆ ಶುರು ಮಾಡಿದಾಗ ಜಿ ಎಂಬ ಐದನೆಯ ಡ್ರೈವ್ ಬಂತು. ಹಾಗೆ ಮಾಡಬಾರದು ಎಂದು ಎಲ್ಲೋ ಓದಿದ್ದೆನೇ? ಓದಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ನೆನಪಾಗಿತ್ತೋ, ನೆನಪಾಗಿಯೂ ಬದಿಗೆ ಸರಿಸಿದೆನೋ ಗೊತ್ತಿಲ್ಲ. ಮುರಿಗೆಪ್ಪ ಪರದೆ ನೋಡಿ ತಲೆಯಾಡಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ರುದ್ರಪ್ಪನವರು ಅಷ್ಟರಲ್ಲಿ ಹೊಸ ಕಂಪ್ಯೂಟರಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ಲೇತಿಗೆ ದಿನಾ ಬೆಳಿಗ್ಗೆ ಎಳೆಯುತ್ತಿದ್ದರು. ಅದೇ ಕೈಯಲ್ಲಿ ಫ್ಲಾಪಿ ಡಬ್ಬಿಗೂ ಒಂದು ಸಲ. ಶನಿವಾರ ಸಂಜೆ ಎಲ್ಲ ಪ್ರೋಗ್ರಾಮ್‌ಗಳನ್ನು ಫ್ಲಾಪಿಗಳಿಗೆ ನಕಲು ಮಾಡುವುದು ಅವರ ಪದ್ಧತಿ. ಆ ಫ್ಲಾಪಿಗಳಿಂದ ಹೊಸ ಡಿಸ್ಕಿಗೆ ತುಂಬಿಸುವಾಗ ಒಂದು ಫ್ಲಾಪಿ ಮೂರನೆಯ ಪ್ರಯತ್ನಕ್ಕೆ ತೆರೆದುಕೊಂಡಿತು. ನಾನು ಎಲ್ಲರೆದುರೂ, ಸ್ವಲ್ಪ ಗಟ್ಟಿಯಾಗಿಯೇ, ಈ ಬೂದಿ ಒಳಗೆ ಹೋದರೆ ಫ್ಲಾಪಿಯೂ ಹಾಳು, ಡ್ರೈವೂ ಹಾಳು ಎಂದೆ. ಇನ್ನು ಮೇಲೆ ಫ್ಲಾಪಿ ಬೇಡ, ಶನಿವಾರದ ನಕಲನ್ನು ವಾರಕ್ಕೊಂದು ಹೊಸ ಫೋಲ್ಡರಿನಲ್ಲಿ ಜಿ ಡ್ರೈವಿಗೇ ಮಾಡಿ ಎಂದು ಹೇಳಿಕೊಟ್ಟೆ. ಹಳೆಯ ಫ್ಲಾಪಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಳ್ಳಲು ನಾನೇ ಹೇಳಿದೆ. ರುದ್ರಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು "ಆಗ್ಲಿ ಸರ್ರೆ" ಅಂದರು.

ಮೂರು ಶನಿವಾರ ಏನೂ ಆಗಲಿಲ್ಲ. ನಾಲ್ಕನೆಯ ಶನಿವಾರದ ನಂತರದ ಸೋಮವಾರ ನಮ್ಮ ಆಫೀಸಿಗೆ ಫೋನ್ ಬಂತು: ಕಂಪ್ಯೂಟರ್ ಶುರುವಾಗುತ್ತಿಲ್ಲ. ಗುರುವಾರ ಒಂದು ಲೋಡ್ ಶಾಫ್ಟ್ ಕಳಿಸಬೇಕಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಹರಿಹರದವರೆಗೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಹಳೆಯ ಫ್ಲಾಪಿಗಳಿಲ್ಲ.

ನಾನು ಹೋಗಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಮುರಿಗೆಪ್ಪ ಆಗಲೇ ತೀರ್ಮಾನಕ್ಕೆ ಬಂದಿದ್ದರು. "ನೀವು ಅವತ್ತೇ ಹೇಳಿದ್ರಿ. ಈತ ಕೇಳ್ಬೇಕಲ್ಲ. ಕಂಡ್‌ಕಂಡಲ್ಲಿ ಬೂದಿ ಬಡೀತಾನೆ. ಆರು ವರ್ಷದ್ದು ಹೋಯ್ತು. ನಾಳಿಂದ ಬರಾದು ಬ್ಯಾಡ ಅಂತ ಹೇಳೀನಿ."

ರುದ್ರಪ್ಪ ಲೇತಿನ ಪಕ್ಕ ನಿಂತಿದ್ದರು.

ಬೇರೆ ಫ್ಲಾಪಿಯಿಂದ ಕಂಪ್ಯೂಟರ್ ಎಬ್ಬಿಸಿ, ಡಿಸ್ಕಿನ ಒಳಗನ್ನು ಇದ್ದಂತೆಯೇ ತೋರಿಸುವ ಒಂದು ಸಾಧನದಿಂದ ಅದರ ಮೊಟ್ಟಮೊದಲ ಜಾಗವನ್ನು ತೆರೆದೆ. ಡಿಸ್ಕಿನಲ್ಲಿ ಎಷ್ಟು ಭಾಗ, ಯಾವುದು ಎಲ್ಲಿಂದ ಎಂಬ ಪಟ್ಟಿ ಅಲ್ಲಿರಬೇಕು. ಪಟ್ಟಿಯ ಬದಲು ಸಾಲು ಸಾಲಾಗಿ ಎನ್, ಜಿ, ಎಕ್ಸ್, ಝಡ್ ಅಕ್ಷರಗಳೂ ಅಂಕಿಗಳೂ ಇದ್ದವು. ರುದ್ರಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಮೆಲ್ಲಗೆ ಹೇಳಿದರು:

"ಇದು ನಂದೇ ಸರ್ರೆ. ಐವತ್ತೆರಡು ಎಂಎಂ ಬುಷ್‌ದು. ಇದ್ಯಾಕೆ ಇಲ್ಲಿಗೆ ಬಂತು?"

ಹಳೆಯ ಡಾಸ್ ಡಿಸ್ಕಿನ ಸುತ್ತುಗಳನ್ನು 1024ರವರೆಗೆ, ಅಂದರೆ ಆ 8.4 ಜಿಬಿಯವರೆಗೆ, ಮಾತ್ರ ಎಣಿಸಬಲ್ಲದು. ಅದರ ಆಚೆಗೆ ಬರೆಯಿರಿ ಎಂದರೆ, ಸ್ಕೂಟರಿನ ಕಿಲೋಮೀಟರ್ ಮೀಟರು ಕೊನೆ ಮುಟ್ಟಿ ಸೊನ್ನೆಗೆ ಬರುವಂತೆ, ಅದು ಮತ್ತೆ ಡಿಸ್ಕಿನ ತಲೆಯಿಂದ ಬರೆಯುತ್ತದೆ. ಜಿ ಡ್ರೈವಿನ ಮೊದಲ ಮೂವತ್ತು ಎಂಬಿ ಆ ಗೆರೆಯ ಈಚೆಗಿತ್ತು. ಮೂರು ಶನಿವಾರದ ನಕಲುಗಳು ಅದರಲ್ಲಿ ಹಿಡಿಸಿದವು. ನಾಲ್ಕನೆಯದು ಗೆರೆ ದಾಟಿ, ಸುತ್ತಿ ಬಂದು, ಡಿಸ್ಕಿನ ಪಟ್ಟಿಯನ್ನೂ ಮೂಲ ಪ್ರೋಗ್ರಾಮ್‌ಗಳಿದ್ದ ಸಿ ಡ್ರೈವಿನ ಆರಂಭವನ್ನೂ ಅಳಿಸಿ ಕುಳಿತಿತ್ತು. ರುದ್ರಪ್ಪ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಹಾಳಾದದ್ದು ಅದರಿಂದಲೇ.

ಇದರಲ್ಲಿ ಒಂದು ಸಮಾಧಾನವೂ ಇತ್ತು. ನನ್ನ ಲೆಕ್ಕ ಸರಿಯಿದ್ದರೆ ಮೊದಲ ಮೂರು ನಕಲುಗಳು ಜಿ ಡ್ರೈವಿನಲ್ಲಿ ಹಾಗೆಯೇ ಇರಬೇಕು. ಡಿಸ್ಕನ್ನು ಬಿಚ್ಚಿಕೊಂಡು ದಾವಣಗೆರೆಗೆ ಹೋದೆ. ನಮ್ಮ ಆಫೀಸಿನಲ್ಲಿ ಪೂರ್ತಿ 10 ಜಿಬಿ ಎಣಿಸಬಲ್ಲ ಕಂಪ್ಯೂಟರಿಗೆ ಜೋಡಿಸಿ, ಅಳಿದ ಪಟ್ಟಿಯನ್ನು ನೆನಪಿನಿಂದ ಮತ್ತೆ ಬರೆದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಜಿ ತೆರೆದುಕೊಂಡಿತು. ಮೂರನೆಯ ಶನಿವಾರದ ನಕಲು ಪೂರ್ತಿ ಇತ್ತು. ಕಳೆದದ್ದು ಕೊನೆಯ ಒಂದು ವಾರದಲ್ಲಿ ಬರೆದ ನಾಲ್ಕೇ ಪ್ರೋಗ್ರಾಮ್. ಮರುದಿನ ಡಿಸ್ಕನ್ನು ವಾಪಸ್ ಕೂರಿಸಿದೆ, ಜಿ ಡ್ರೈವನ್ನು ಕಿತ್ತುಹಾಕಿದೆ. ರುದ್ರಪ್ಪ ಎರಡು ದಿನದಲ್ಲಿ ಆ ನಾಲ್ಕನ್ನೂ ಮತ್ತೆ ಬರೆದು, ಪ್ರತಿಯೊಂದನ್ನೂ ಮೊದಲು ಉಳಿ ಲೋಹಕ್ಕೆ ತಾಗದಂತೆ ಬರಿ ಗಾಳಿಯಲ್ಲಿ ಓಡಿಸಿ ನೋಡಿದರು. ಲೋಡ್ ಶುಕ್ರವಾರ ಹೋಯಿತು.

ಈ ಪ್ರಸಂಗವನ್ನು ನಾನು ಇಪ್ಪತ್ತು ವರ್ಷ ಬೇಕಾದಷ್ಟು ಜನರಿಗೆ ಹೇಳಿದ್ದೇನೆ. ಹೇಳುವಾಗ ಪರದೆಯ ಮೇಲೆ ಬುಷ್ಷಿನ ಸಾಲುಗಳನ್ನು ಕಂಡ ಕೂಡಲೆ ನಾನು ಎದ್ದು ನಿಲ್ಲುತ್ತೇನೆ, ಪಕ್ಕದಲ್ಲಿ ರುದ್ರಪ್ಪ ಇರುತ್ತಾರೆ, ನಾನು ಮುರಿಗೆಪ್ಪನವರಿಗೆ ಹೇಳುತ್ತೇನೆ: "ತಪ್ಪು ನಂದು ಸಾವ್ಕಾರ್ರೆ. ರುದ್ರಪ್ಪನೋರ ಕೈಯೂ ಅಲ್ಲ, ವಿಭೂತಿನೂ ಅಲ್ಲ." ಆಗ ಅವರು, "ಮತ್ತೆ ಬೂದಿ ಅಂತ ಹೇಳಿದ್ದೂ ನೀವೇ ಅಲ್ರಿ?" ಎಂದು ಕೇಳುತ್ತಾರೆ. ಕೇಳಿದವರೆಲ್ಲ ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾರೆ.

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮಗಳ ಮನೆಗೆ ಬಂದಿದ್ದ ರುದ್ರಪ್ಪ ಸಿಕ್ಕರು. ಚಹಾ ಕುಡಿಯುತ್ತ ಅವರ ಅಳಿಯನಿಗೆ ಇದೇ ಕಥೆ ಹೇಳಿದೆ. ರುದ್ರಪ್ಪ ಪೂರ್ತಿ ಕೇಳಿದರು. ಆಮೇಲೆ ಅಂದರು:

"ಸರ್ರೆ, ನೀವು ಹೇಳಿದ್ದು ಖರೆ. ಆದ್ರೆ ಅವತ್ತಲ್ಲ. ಮರುದಿನ ಬೆಳಿಗ್ಗೆ ಹೇಳಿದ್ರಂತೆ. ನಾನು ಅಲ್ಲಿರಲೇ ಇಲ್ಲ."

ನಾನು ಒಪ್ಪಲಿಲ್ಲ. ವಾದ ಮಾಡಿದೆ. ಮನೆಗೆ ಬಂದ ಮೇಲೆ ಯೋಚಿಸಿದೆ. ಮುರಿಗೆಪ್ಪ ಬೂದಿಯ ಆ ಪ್ರಶ್ನೆ ಕೇಳಿದ ಗಳಿಗೆಯಲ್ಲಿ ವರ್ಕ್‌ಶಾಪಿನಲ್ಲಿ ಎಲ್ಲಿಂದಲೂ ಸದ್ದಿರಲಿಲ್ಲ. ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಸೋಮವಾರ ಮಧ್ಯಾಹ್ನ ಸಿಎನ್‌ಸಿ ಒಂದು ನಿಂತಿದ್ದರೂ ಉಳಿದ ಲೇತುಗಳು, ಗ್ರೈಂಡರ್ ಎಲ್ಲ ನಡೆಯುತ್ತಿದ್ದವು. ಮುರಿಗೆಪ್ಪ ಗಂಟಲೆತ್ತಿ ಮಾತಾಡಿದ್ದರು. ಅಷ್ಟು ನಿಶ್ಶಬ್ದ ಇರುವುದು ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಮಾತ್ರ. ಹಾಗಾದರೆ ಸೋಮವಾರ ನಾನು "ಡಿಸ್ಕ್ ನೋಡಿ ಹೇಳ್ತೀನಿ" ಎಂದಷ್ಟೇ ಹೇಳಿ ಬಸ್ ಹತ್ತಿರಬೇಕು. ಪ್ರೋಗ್ರಾಮ್‌ಗಳು ಸಿಕ್ಕ ಮೇಲೆ ತಪ್ಪೊಪ್ಪಿಕೊಳ್ಳುವುದು ಸುಲಭ. ಸಿಗದೇ ಹೋಗಿದ್ದರೆ ಏನು ಹೇಳುತ್ತಿದ್ದೆ? ಅದನ್ನು ತಿಳಿಯಲು ಯಾವ ಸಾಧನವೂ ಇಲ್ಲ.

ಮರುವಾರ ಮತ್ತೆ ಅವರ ಮಗಳ ಮನೆಗೆ ಹೋಗಿ, ನೀವು ಹೇಳಿದ್ದೇ ಸರಿ ಎಂದೆ. ಆ ಮಂಗಳವಾರ ಎಲ್ಲಿದ್ದಿರಿ ಎಂದು ಕೇಳಿದೆ.

"ಮನೇಲಿ ಹೇಳಿರ್ಲಿಲ್ರಿ, ಕೆಲಸ ಹೋತು ಅಂತ. ದಿನದಂಗೆ ಬುತ್ತಿ ಕಟ್ಟಿಸ್ಕೊಂಡು ಹರಿಹರಕ್ಕೆ ಬಂದೆ. ಹೋಗಾಕೆ ಜಾಗ ಬೇಕಲ್ಲ. ಬಸ್ ಸ್ಟ್ಯಾಂಡಿನಾಗೆ ಕುಂತಿದ್ದೆ. ಮಧ್ಯಾಹ್ನ ನಮ್ಮ ಫಿಟ್ಟರ್ ಹುಡುಕ್ಕೊಂಡು ಬಂದು, ಸಾವ್ಕಾರ್ರು ಕರೀತಾರೆ ನಡಿ ಅಂದ." ಆಮೇಲೆ, "ಬುತ್ತಿ ಅಲ್ಲೇ ಕುಂತು ಉಂಡು ಹೋದೆ ಬಿಡ್ರಿ. ಹಸಿವಾಗಿತ್ತು," ಅಂದರು.

ಹರಿಹರದಲ್ಲಿ ಆ ಬೆಳಿಗ್ಗೆ ನಾನು ಬಸ್ಸಿನಿಂದ ಇಳಿದದ್ದೂ ಅದೇ ಸ್ಟ್ಯಾಂಡಿನಲ್ಲಿ. ಡಿಸ್ಕಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಯಾರನ್ನೂ ನೋಡದೆ ನಡೆದಿದ್ದೆ.

ಅದಾದ ಮೇಲೆ ನನ್ನ ಕೈಕೆಳಗೆ ಕಲಿತವರಿಗೆ ಡಿಸ್ಕಿನ ಮಿತಿಗಳನ್ನು ಹೇಳಿಕೊಡುವಷ್ಟೇ ಒತ್ತಿ ಒಂದು ಮಾತು ಹೇಳುತ್ತಾ ಬಂದಿದ್ದೇನೆ. ತಪ್ಪು ನಿಮ್ಮದೆಂದು ಗೊತ್ತಾದ ಗಳಿಗೆಯಲ್ಲೇ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುವ ಮೊದಲೇ ಹೇಳಿಬಿಡಿ. ರಿಪೇರಿ ಮರುದಿನಕ್ಕೆ ಕಾಯಬಹುದು.