ಭಾವ ಬೀಗ ಹಾಕದ ಕೋಣೆ

ವಿಶ್ವವಿದ್ಯಾಲಯದ ಹುಡುಗರೆಲ್ಲ ನನ್ನ ಭಾವನನ್ನು ಕರೆಯುತ್ತಿದ್ದುದು ಬೀಗದಣ್ಣ ಎಂದು. ಹಾಸ್ಟೆಲಿನ ಕೀಲಿಗಳೆಲ್ಲ ಅವರ ಸೊಂಟದಲ್ಲಿ. ಅಲ್ಲಿನ ಬಾಗಿಲು, ಮಂಚ, ಕಪಾಟು ನನ್ನ ಪಾಲು, ನಾನು ಬಡಗಿ. ಭಾವನಿಗೆ ಕಿವಿ ಕೇಳುವುದು ನಿಂತು ಎಷ್ಟೋ ಕಾಲವಾಗಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದರು. "ನಿಮ್ಮಕ್ಕನ ಬೈಗುಳದಿಂದ ಬಚಾವಾದೆ ಕಣೋ" ಎಂದು ನಗುತ್ತಿದ್ದರು.

ರಜೆಗೆ ಹುಡುಗರು ಊರಿಗೆ ಹೋದ ಮೇಲೆ ಕೋಣೆಗಳಿಗೆ ಬೀಗ ಹಾಕುವುದು ಅವರ ಕೆಲಸ. ಅದಕ್ಕೊಂದು ಕ್ರಮವಿತ್ತು. ಬಾಗಿಲು ಎಳೆದುಕೊಂಡು, ತಟ್ಟಿ, ಹಲಗೆಯ ಮೇಲೆ ಅಂಗೈ ಊರಿ ನಿಲ್ಲುವರು. ಒಳಗೆ ಮಲಗಿದವನು ಮಗ್ಗುಲು ಬದಲಿಸಿದರೂ ಹಲಗೆ ಹೇಳುತ್ತದೆ ಎನ್ನುವರು. ಅಂಗೈಗೆ ಏನೂ ತಾಕದಿದ್ದರೆ ಬೀಗ.

ಆ ಬೇಸಿಗೆಯಲ್ಲಿ ಮೇಲಿನ ಮಹಡಿಯ ಮೂಲೆಕೋಣೆಗೆ ಅವರು ಬೀಗ ಹಾಕಲಿಲ್ಲ. ಹೊಸ ವಾರ್ಡನ್ ಕಡ್ಡಿ ಮುರಿದಂತೆ ಹೇಳಿದ. "ಸಂಜೆಯೊಳಗೆ ಒಂದು ಕೋಣೆಯೂ ತೆರೆದಿರಬಾರದು. ಆಗಲ್ಲ ಅಂದ್ರೆ ಕೀಲಿ ಕೊಟ್ಟು ಕ್ವಾರ್ಟರ್ಸ್ ಖಾಲಿ ಮಾಡಿ." ಕ್ವಾರ್ಟರ್ಸ್ ಅಂದರೆ ನಮ್ಮಕ್ಕನ ಮನೆ.

ಅಕ್ಕ ಹೇಳಿ ಕಳಿಸಿದಳು. ನನಗೆ ಪಿತ್ತ ನೆತ್ತಿಗೇರಿತು. ಉಳಿ-ಸುತ್ತಿಗೆಯ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದೆ. ಭಾವ ಮೂಲೆಕೋಣೆಯ ಮುಂದೆಯೇ ಇದ್ದರು.

"ಏನ್ ಭಾವ, ಖಾಲಿ ಕೋಣೆ ಕಾಯ್ತಾ ಅಕ್ಕನ್ನ ಬೀದಿಗೆ ನಿಲ್ಲಿಸ್ತೀರಾ?"

"ಖಾಲಿ ಇಲ್ಲ. ಒಳಗೆ ಇದ್ದಾನೆ."

"ಯಾರು? ಇಲ್ಲಿ ಯಾರಾದ್ರೂ ಸತ್ತಿದ್ರಾ?"

"ಥೂ, ಯಾರೂ ಸತ್ತಿಲ್ಲ. ರಜೆ ಬಂದ್ರೂ ಹೋಗೋಕೆ ಮನೆ ಇಲ್ದೋನು ಇರ್ತಾನೆ ನೋಡು, ಅಂಥೋನು."

"ಪಕ್ಕದಲ್ಲಿ ಪಟಾಕಿ ಸಿಡಿದ್ರೂ ಕೇಳದ ಕಿವಿಗೆ ಇದೊಂದು ಕೇಳ್ತಾ?"

"ಕಿವಿಗಲ್ಲ ಕಣೋ" ಎಂದು ಅಂಗೈ ತೋರಿಸಿ, ಉಳಿದ ಕೋಣೆಗಳಿಗೆ ಬೀಗ ಹಾಕುತ್ತ ಕೆಳಗಿಳಿದರು.

ನಾನು ಒಳಗೆ ನುಗ್ಗಿದೆ. ಮಂಚದ ಕೆಳಗೆ ನೋಡಿದೆ, ಕಪಾಟು ತೆರೆದೆ, ಸುತ್ತಿಟ್ಟ ಹಾಸಿಗೆಯನ್ನು ಬಿಚ್ಚಿ ಒದರಿ ನೆಲಕ್ಕೆಸೆದೆ. ನರಪಿಳ್ಳೆ ಇಲ್ಲ. ಹೊರಬಂದು ಬಾಗಿಲು ದಡಾರನೆ ಎಳೆದು ಚಿಲಕ ಜಡಿದೆ. ಸುಮ್ಮನೆ ಹೋಗಬಹುದಿತ್ತು. ಭಾವನನ್ನು ಹಂಗಿಸಲು ಒಂದು ಮಾತು ಬೇಕಲ್ಲ, ನಾನೂ ಅಂಗೈ ಊರಿದೆ.

ಹಲಗೆಯ ಆಚೆಯಿಂದ, ನನ್ನ ಅಂಗೈಗೆ ಸರಿಯಾಗಿ, ಇನ್ನೊಂದು ಅಂಗೈ ಬಂದು ಒತ್ತಿತು. ದೂಡಲಿಲ್ಲ. ಸುಮ್ಮನೆ ಊರಿಕೊಂಡಿತ್ತು. ಜ್ವರ ಬಂದವರ ಕೈಯಂತೆ ಬಿಸಿ.

ಚಿಲಕ ತೆಗೆದೆ. ಯಾರೂ ಇಲ್ಲ. ನಾನು ಎಸೆದಿದ್ದ ಹಾಸಿಗೆ ಮಾತ್ರ ಮಂಚದ ಮೇಲೆ ನೀಟಾಗಿ ಸುತ್ತಿಟ್ಟಿತ್ತು.

ಬೀಗ ಹಾಕಿದರೆ ಅವನು ಒಳಗೆ. ಹಾಕದಿದ್ದರೆ ಅಕ್ಕ ಹೊರಗೆ. ತಿರುಪು ಬಿಚ್ಚಿ ಬಾಗಿಲನ್ನೇ ಕಳಚಿದೆ. ಬಾಗಿಲೇ ಇಲ್ಲದ ಕೋಣೆಗೆ ಬೀಗ ಹಾಕೆಂದು ಯಾವ ವಾರ್ಡನ್ ಹೇಳಿಯಾನು?

ಒಬ್ಬನೇ ಹೊರುವ ಬಾಗಿಲಲ್ಲ ಅದು. ಹೆಗಲು ಕಿತ್ತು ಬರುತ್ತಿತ್ತು. ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ಹಗುರವಾಯಿತು. ಭಾವ ಹಿಂದಿನಿಂದ ಹಿಡಿದರು ಎಂದುಕೊಂಡು ಇಳಿದೆ.

ಭಾವ ಕೆಳಗೆ, ವಾರ್ಡನ್ ಪಕ್ಕದಲ್ಲಿ ನಿಂತಿದ್ದರು.

"ಗೆದ್ದಲು ಹಿಡಿದಿದೆ ಸಾರ್" ಎಂದೆ. "ಹೊಸದು ಮಾಡಿ ಕೂರಿಸ್ತೀನಿ."

"ಸರಿ. ಉಳಿದಿದ್ದಕ್ಕೆಲ್ಲ ಬೀಗ ಬಿದ್ದಿದೆ, ಕೀಲಿ ನಿಮ್ಮ ಹತ್ರಾನೇ ಇರಲಿ" ಎಂದು ಭಾವನಿಗೆ ಹೇಳಿ ವಾರ್ಡನ್ ನನ್ನ ಹಿಂದೆ ನೋಡಿದ. "ಆ ತುದಿ ಹಿಡಿದಿರೋ ಹುಡುಗ ಯಾರು? ಇನ್ನೂ ಊರಿಗೆ ಹೋಗಿಲ್ವಾ?"

ನಾನು ತಿರುಗಿ ನೋಡಲಿಲ್ಲ. ಭಾವ ವಾರ್ಡನ್‌ನ ತುಟಿ ನೋಡಿ ನನಗಿಂತ ಮೊದಲು ಉತ್ತರ ಕೊಟ್ಟರು.

"ನಮ್ಮವನೇ ಸಾರ್. ಮನೆಗೆ ಕರ್ಕೊಂಡು ಹೋಗ್ತಿದ್ದೀವಿ."