ಖಾರದನ್ನ ತಿಂದ ಕರಿಯ

ಇವತ್ತು ಸಕಲೇಶಪುರದ ನನ್ನ ತರಗತಿಯಲ್ಲಿ ಹಳೆಯ ಇಂಗ್ಲಿಷ್ ಭಯಾನಕ ಕಾದಂಬರಿಯೊಂದನ್ನು ಪರಿಚಯಿಸುತ್ತಿದ್ದೆ. ಹೆಣದ ತುಂಡುಗಳನ್ನು ಹೊಲಿದು ಜೀವ ಕೊಟ್ಟವನೇ ಅದರ ಮುಖ ಕಂಡು ಓಡಿಹೋಗುವ ಕಥೆ. ಬರೆಯುವಾಗ ಲೇಖಕಿಗೆ ಇಪ್ಪತ್ತೂ ತುಂಬಿರಲಿಲ್ಲ ಎನ್ನುವಷ್ಟರಲ್ಲಿ, ಎಲ್ಲೋ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿ ವಾಸನೆ ಕಿಟಕಿಯಿಂದ ಬಂತು. ನಮ್ಮೂರಿನ ಕಣ ಕಣ್ಣೆದುರು ನಿಂತಿತು.

ನಾನು ಚಿಕ್ಕವಳಿದ್ದಾಗ ಹೊಂಗಡಹಳ್ಳದಲ್ಲಿ ಕಾಫಿ ಒಣಗಿಸುವ ನಮ್ಮ ಕಣ ಕಾಯಲು ಅಪ್ಪ ನಾಯಿಮರಿಯೊಂದನ್ನು ತಂದಿದ್ದರು. ಅದು ಜೋರಾಗಲೆಂದು ಹಗಲೆಲ್ಲ ಕಾಫಿ ಮೂಟೆ ಇಡುವ ಸ್ಟೋರಿನ ಕತ್ತಲಲ್ಲಿ ಕಟ್ಟಿ, ಅನ್ನಕ್ಕೆ ಖಾರದ ಪುಡಿ ಕಲಸಿ ಹಾಕುತ್ತಿದ್ದರು. ಬಾಲ ಆಡಿಸಿದರೆ ಬೆತ್ತದ ಏಟು.

“ಮುದ್ದು ಮಾಡಿದ್ರೆ ನಾಯಿ ಕೆಟ್ಟೋಯ್ತದೆ ಕಣೇ,” ಎಂದು ನನ್ನನ್ನು ಗದರುತ್ತಿದ್ದರು. ನಾನು ಅದಕ್ಕೆ ಕರಿಯ ಎಂದು ಹೆಸರಿಟ್ಟು ಕದ್ದು ಬೆಲ್ಲ ಕೊಡುತ್ತಿದ್ದೆ.

ಕರಿಯ ಬೆಳೆದು ದೊಡ್ಡದಾದ ಮೇಲೆ ಒಂದು ಮಧ್ಯಾಹ್ನ ಬೆಲ್ಲ ಹಿಡಿದು ಸ್ಟೋರಿನ ಬಾಗಿಲು ತೆಗೆದೆ. ಬೆಳಕು ಕಣ್ಣಿಗೆ ಹೊಡೆದು ಕರಿಯನಿಗೆ ನನ್ನ ಗುರುತು ಸಿಗಲಿಲ್ಲ. ನನ್ನ ಮೊಣಕೈಗೆ ಬಾಯಿ ಹಾಕಿ ಜಗ್ಗಿತು; ಮಾಂಸ ಕಿತ್ತುಬಂತು. ಓಡಿಬಂದ ಅಪ್ಪ ಗುದ್ದಲಿ ಕಾವಿನಿಂದ ಹೊಡೆದರು. ತಲೆ ಒಡೆದ ಮೇಲೂ ಹೊಡೆದರು. ರಕ್ತ ಕಣದ ಹಣ್ಣಿನವರೆಗೂ ಸಿಡಿಯಿತು.

“ಎಂಥಾ ರಾಕ್ಷಸನ್ನ ಸಾಕ್ಬುಟ್ಟೆ,” ಎಂದರು.

ನನ್ನ ಕೈಗೆ ಸೆರಗು ಸುತ್ತುತ್ತಿದ್ದ ಅವ್ವ, “ಸಾಕಿದ್ದಲ್ಲ ಕಣ್ರೀ, ನೀವೇ ಮಾಡಿದ್ದು,” ಎಂದಳು. ಅಪ್ಪನ ಕೈ ಅವಳ ಕೆನ್ನೆಗೂ ಬಿತ್ತು.

“ಮೇಡಂ, ಕಾದಂಬರೀಲಿ ಆ ರಾಕ್ಷಸ ಮಾತಾಡ್ತಾನಾ?” ಮುಂದಿನ ಬೆಂಚಿನ ಹುಡುಗಿ ಕೇಳಿದಳು.

“ಆಡ್ತಾನೆ. ನನ್ನನ್ನ ಯಾಕೆ ಹೀಗೆ ಮಾಡಿದೆ ಅಂತ ಮಾಡಿದವನನ್ನೇ ಕೇಳ್ತಾನೆ,” ಎಂದೆ.

ಕರಿಯ ಏನನ್ನೂ ಕೇಳಲಿಲ್ಲ. ಅಪ್ಪ ಗುದ್ದಲಿ ಕಾವು ಎತ್ತಿದಾಗ, ಅವರನ್ನು ನೋಡಿ ಬಾಲ ಆಡಿಸಿತ್ತು.