ಉರಿಯುತ್ತಿದ್ದ ಹಿಂದಿನ ದೀಪ

ಬಿ.ಸಿ.ರೋಡಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಸಣ್ಣ ಅಂಗಡಿಯಿತ್ತು. ಬೈಕುಗಳ ವಯರಿಂಗ್ ಮಾತ್ರ ಮಾಡುತ್ತಿದ್ದೆ, ಇಂಜಿನಿಗೆ ಕೈ ಹಾಕುತ್ತಿರಲಿಲ್ಲ. ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಬ್ರೇಕ್ ತುಳಿದರೆ ಹೆಡ್‌ಲೈಟ್ ಮಂಕಾಗುವುದು, ಇಂಥ ತಾಪತ್ರಯಗಳನ್ನು ಹೊತ್ತುಕೊಂಡು ಬಂಟ್ವಾಳದ ಸುತ್ತಿನವರೆಲ್ಲ ಬರುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಗ ನಡೆದ ಒಂದು ಸಂಗತಿಯನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಸಿದ್ದಕಟ್ಟೆಯ ಕಡೆ ಒಬ್ಬ ಬ್ಯಾರಿ ಸಾಹೇಬರು ಬೀಡಿ ಬ್ರಾಂಚ್ ನಡೆಸುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಮೆಲುಮಾತು. ಮನೆಮನೆಯ ಹೆಂಗಸರು ಕಟ್ಟಿ ತಂದ ಬೀಡಿಯನ್ನು ಪಡೆದು, ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ, ಬೈಕಿನ ಹಿಂದಿನ ಕ್ಯಾರಿಯರಿಗೆ ಬಿಗಿದು ಮೂಡುಬಿದಿರೆಗೆ ಮುಟ್ಟಿಸುವುದು ಅವರ ಕೆಲಸ. ಅವರ ಬೈಕಿನ ಹಿಂದಿನ ದೀಪ ಒಮ್ಮೆ ಉರಿಯುತ್ತಿತ್ತು, ಒಮ್ಮೆ ಇಲ್ಲ. ಮೂಡುಬಿದಿರೆಯಲ್ಲಿ ಒಬ್ಬ ಮೆಕ್ಯಾನಿಕ್ ಬಲ್ಬು ಬದಲಿಸಿದ್ದ. ಬೆಳ್ತಂಗಡಿಯಲ್ಲಿ ಮಗಳ ಮನೆಗೆ ಹೋದಾಗ ಅಲ್ಲಿನ ಇನ್ನೊಬ್ಬ ಮತ್ತೊಂದು ಬಲ್ಬು ಹಾಕಿದ್ದ. ನನ್ನ ಅಂಗಡಿಗೆ ಬಂದಾಗ ಅವರ ಜೇಬಿನಲ್ಲಿ ಎರಡು ಹಳೆಯ ಬಲ್ಬುಗಳಿದ್ದವು. ನೋಡಿದರೆ ಎರಡೂ ಸರಿಯಿದ್ದವು.

"ಬಲ್ಬಿನ ತಪ್ಪಲ್ಲ ಸಾಹೇಬರೇ ಇದು," ಎಂದೆ. "ಬಲ್ಬು ಬದಲಿಸುವಾಗ ಹೋಲ್ಡರ್ ಅಲ್ಲಾಡುತ್ತದೆ, ಎರಡು ದಿನ ಉರಿಯುತ್ತದೆ. ಅಷ್ಟೇ."

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಹೋಲ್ಡರಿಗೆ ಬರುವ ವಯರಿಗೂ ಇನ್ನೊಂದನ್ನು ಇಂಜಿನಿನ ಕಬ್ಬಿಣಕ್ಕೂ ಹಿಡಿದೆ. ಚೆನ್ನಾಗಿ ಉರಿಯಿತು. ಅದೇ ಇನ್ನೊಂದು ತುದಿಯನ್ನು ಹಿಂದಿನ ಮಡ್‌ಗಾರ್ಡಿಗೆ ಹಿಡಿದರೆ ಉರಿಯಲಿಲ್ಲ. ಅಂದರೆ ಕರೆಂಟು ಬರುತ್ತಿದೆ, ಮರಳಿ ಹೋಗಲು ದಾರಿಯಿಲ್ಲ. ಮಡ್‌ಗಾರ್ಡಿನ ಬೋಲ್ಟುಗಳ ಸುತ್ತ ತುಕ್ಕು ಹಿಡಿದಿತ್ತು, ಅದರ ಮೇಲೆ ಯಾರೋ ಪೈಂಟು ಬಳಿದಿದ್ದರು. ಸೀಟಿನಡಿಯ ವಯರು ಕೂಡ ಕ್ಯಾರಿಯರಿನ ಬೋಲ್ಟಿಗೆ ಉಜ್ಜಿ ಸವೆದಿತ್ತು. ನಾನು ಆ ವಯರು ಬದಲಿಸಿದೆ. ಹೋಲ್ಡರಿನಿಂದ ನೇರ ಚಾಸಿಗೆ ಬೇರೆಯೇ ಒಂದು ಕಪ್ಪು ವಯರು ಎಳೆದು, ಎರಡು ಕಡೆಯೂ ಬೆಸುಗೆ ಹಾಕಿದೆ. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಟ್ಟಿಗೆ ಹೇರಿದ ಹಾಗೆ ಕ್ಯಾರಿಯರನ್ನು ಒತ್ತಿ ಅಲ್ಲಾಡಿಸಿದೆ. ದೀಪ ಒಮ್ಮೆಯೂ ಮಿಣುಕಲಿಲ್ಲ.

ಎರಡು ವಾರ ಕಳೆದಿರಬಹುದು. ಮುಸ್ಸಂಜೆ ಅವರು ಮೂಡುಬಿದಿರೆಯಿಂದ ಮರಳುವಾಗ, ಸಿದ್ದಕಟ್ಟೆಗೆ ಮೊದಲಿನ ತಿರುವಿನಲ್ಲಿ ಹಿಂದಿನಿಂದ ಬಂದ ಖಾಸಗಿ ಬಸ್ಸು ಅವರ ಬೈಕಿಗೆ ಹೊಡೆಯಿತು. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಜೀವ ಉಳಿಯಿತು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತ್ತು. ಆ ಬಸ್ಸಿನ ಕಂಡಕ್ಟರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ: ಬೈಕಿಗೆ ಹಿಂದಿನ ಲೈಟೇ ಇರಲಿಲ್ಲ, ಡ್ರೈವರ್ ಎಂತ ಮಾಡುದು? ಪಕ್ಕದ ಜ್ಯೂಸ್ ಅಂಗಡಿಯವನು ನನ್ನನ್ನು ನೋಡಿ, "ಆ ಲೈಟು ನೀನು ಸರಿ ಮಾಡಿದ್ದಲ್ವಾ ಮಾರಾಯ?" ಎಂದ. ತಮಾಷೆಗೆ ಹೇಳಿದ್ದು. ನನಗೆ ತಮಾಷೆಯಾಗಿ ಕೇಳಲಿಲ್ಲ. ಇಪ್ಪತ್ತು ವರ್ಷ ವಯರು ಹಿಡಿದ ಕೈ ನನ್ನದು.

ಎರಡು ದಿನ ಬಿಟ್ಟು ಸಾಹೇಬರನ್ನು ನೋಡಲು ಆಸ್ಪತ್ರೆಗೆ ಹೋದೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಅವರು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು.

"ಲೈಟ್ ಇತ್ತಲ್ವಾ ಮಾರಾಯ್ರೆ?"

ಬೈಕು ಓಡಿಸುವವನಿಗೆ ಊರಿನ ಎಲ್ಲ ದೀಪ ಕಂಡರೂ ತನ್ನ ಹಿಂದಿನ ದೀಪ ಕಾಣುವುದಿಲ್ಲ. ಕಾಲು ಮುರಿದುಕೊಂಡ ಆ ಮನುಷ್ಯನಿಗೆ ಜನ ಎಷ್ಟು ಹೇಳಿದ್ದರೆಂದರೆ, ತಪ್ಪು ತನ್ನದೇ ಇರಬಹುದೇನೋ ಎಂಬ ಅನುಮಾನ ಅವರಿಗೇ ಬಂದುಬಿಟ್ಟಿತ್ತು. "ಇತ್ತು, ನಾನು ನೋಡಿ ಬರ್ತೇನೆ," ಎಂದು ಹೇಳಿ ಹೊರಟೆ.

ಬೈಕನ್ನು ಠಾಣೆಯ ಹಿತ್ತಿಲಲ್ಲಿ ಎಸೆದಿದ್ದರು. ಅಲ್ಲಿ ಬರೆಯುತ್ತ ಕುಳಿತಿದ್ದ ಪೊಲೀಸಿನವನು ತಲೆಯೆತ್ತದೆ ಕೇಳಿದ, "ನಿಮಗೂ ಇದಕ್ಕೂ ಎಂತ ಸಂಬಂಧ?"

"ಅದರ ವಯರಿಂಗ್ ಮಾಡಿದ್ದು ನಾನು."

"ಆರ್‌ಟಿಒ ಇನ್ಸ್‌ಪೆಕ್ಟರು ನಿನ್ನೆಯೇ ನೋಡಿ ಹೋಗಿದ್ದಾರೆ. ರಿಪೋರ್ಟೂ ಬಂದಿದೆ."

ಏನು ಬರೆದಿದ್ದಾರೆಂದು ಕೇಳಿದೆ. ಓದಿ ಹೇಳಿದ: ಮುಂದಿನ ಬ್ರೇಕ್ ಕೆಲಸ ಮಾಡುತ್ತದೆ, ಹಿಂದಿನ ಚಕ್ರ ಸೊಟ್ಟಗಾಗಿದೆ, ಹಿಂದಿನ ದೀಪ ಉರಿಯುವುದಿಲ್ಲ.

ಉರಿಯುವುದಿಲ್ಲವಂತೆ. ಬಸ್ಸಿನ ಬಂಪರು ಬಂದು ಬಡಿದದ್ದೇ ಆ ದೀಪಕ್ಕೆ. ಗಾಜು ಪುಡಿಯಾಗಿ, ಕೆಂಪು ಮುಚ್ಚಳ ರಸ್ತೆಯಲ್ಲಿ ಉಳಿದ ಮೇಲೆ ಅದು ಹೇಗೆ ಉರಿಯುತ್ತದೆ? "ಹಿಂದಿನ ಚಕ್ರವೂ ಸೊಟ್ಟ ಉಂಟಲ್ಲ," ಎಂದೆ. "ಹಾಗಾದರೆ ಅವರು ಮೂಡುಬಿದಿರೆಯಿಂದ ಸೊಟ್ಟ ಚಕ್ರದಲ್ಲೇ ಬಂದದ್ದಾ?" ನನ್ನ ಧ್ವನಿ ಏರಿತ್ತು. ಆಗ ಒಳಗಿನಿಂದ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೇಬಲ್ ಬಂದು, "ಗಲಾಟೆ ಬೇಡ. ನೋಡುದಾದರೆ ನೋಡಿ, ಮುಟ್ಟಬೇಡಿ," ಎಂದು ನನ್ನ ಜೊತೆ ಹಿತ್ತಿಲಿಗೆ ನಡೆದರು.

ಮಂಡಿಯೂರಿ ನೋಡಿದೆ. ನಾನು ಎಳೆದ ಕಪ್ಪು ವಯರು ಹಾಗೆಯೇ ಇತ್ತು, ಎರಡು ಕಡೆಯ ಬೆಸುಗೆಯೂ ಬಿಟ್ಟಿರಲಿಲ್ಲ. ಹೋಲ್ಡರಿನಲ್ಲಿ ಬಲ್ಬಿನ ಬುಡ ಮಾತ್ರ ಉಳಿದಿತ್ತು. ಅದರೊಳಗೆ ಎರಡು ತಂತಿಗಳಿರುತ್ತವೆ, ಒಂದು ಯಾವಾಗಲೂ ಉರಿಯುವ ದೀಪದ್ದು, ಇನ್ನೊಂದು ಬ್ರೇಕ್ ತುಳಿದಾಗ ಮಾತ್ರ ಉರಿಯುವುದು. ಬ್ರೇಕಿನ ತಂತಿ ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು. ದೀಪದ ತಂತಿ ಕಪ್ಪಗೆ ಸುಟ್ಟು, ಹಿಗ್ಗಿ ಜೋತುಬಿದ್ದಿತ್ತು. ಅದರ ಬುಡದಲ್ಲಿ ಬಿಳಿ ಹುಡಿ ಕೂತಿತ್ತು.

ದೀಪ ಉರಿಯುತ್ತಿದ್ದದ್ದು ಖಚಿತ. ಉರಿಯುತ್ತಿರುವ ಬಲ್ಬಿನ ಗಾಜು ಒಡೆದರೆ ಕಾದ ತಂತಿಗೆ ಗಾಳಿ ತಾಗಿ ಅದು ಹೀಗೆ ಸುಟ್ಟುಹೋಗುತ್ತದೆ. ಆರಿದ ಬಲ್ಬು ಒಡೆದರೆ ತಂತಿಯ ಬಣ್ಣ ಕೆಡುವುದಿಲ್ಲ. ಕೈತಪ್ಪಿ ಒಡೆದ ಎಷ್ಟೋ ಬಲ್ಬುಗಳಲ್ಲಿ ನಾನು ಇದನ್ನು ಕಂಡಿದ್ದೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲವೆಂದು ಅಂಗಡಿಗೆ ಓಡಿ, ಒಂದು ಬ್ಯಾಟರಿ, ಎರಡು ಬಲ್ಬು ಮತ್ತು ಒಂದು ಗೋಣಿಚೀಲ ತಂದೆ. ಹೆಡ್ ಕಾನ್‌ಸ್ಟೇಬಲ್ ಎದುರು ಒಂದನ್ನು ಉರಿಸಿ ಗೋಣಿಯೊಳಗಿಟ್ಟು ಸ್ಪ್ಯಾನರಿನಿಂದ ಒಡೆದೆ. ಪಟ್ಟನೆ ಬಿಳಿ ಹೊಗೆ ಎದ್ದಿತು. ಇನ್ನೊಂದನ್ನು ಉರಿಸದೆ ಒಡೆದೆ. ಎರಡನ್ನೂ ಅವರ ಅಂಗೈ ಮೇಲಿಟ್ಟೆ. ಒಂದರಲ್ಲಿ ತಂತಿ ಕಪ್ಪು, ಬಿಳಿ ಹುಡಿ. ಇನ್ನೊಂದು ಹೊಳೆಯುತ್ತಿತ್ತು.

ಅವರು ಎರಡನ್ನೂ ಬೈಕಿನ ಬಲ್ಬಿನ ಪಕ್ಕ ಹಿಡಿದು ನೋಡಿದರು. "ನೀವು ಹೇಳುದು ಸರಿ," ಎಂದರು. "ಬ್ರೇಕ್ ಕೂಡ ಅವರು ಹಾಕಿರಲಿಲ್ಲ. ತಮ್ಮಷ್ಟಕ್ಕೆ ಹೋಗ್ತಾ ಇದ್ದರು."

"ಹಾಗಾದರೆ ರಿಪೋರ್ಟಿನಲ್ಲಿ ಬರೆಸಿ."

"ಆರ್‌ಟಿಒದವರು ಬರೆದದ್ದನ್ನು ನಾನು ತಿದ್ದಲಿಕ್ಕಾಗುದಿಲ್ಲ. ಬೈಕಿನ ಬಲ್ಬನ್ನು ಮಾತ್ರ ಲಕೋಟೆಗೆ ಹಾಕಿ ಸೀಲ್ ಮಾಡಿಡ್ತೇನೆ."

ಅಷ್ಟನ್ನು ಅವರು ಪ್ರಾಮಾಣಿಕವಾಗಿ ಮಾಡಿದರು. ಇಡೀ ಪ್ರಕರಣದಲ್ಲಿ ಕಣ್ಣು ಬಿಟ್ಟು ನೋಡಿದ ಸರಕಾರಿ ಮನುಷ್ಯ ಅವರೊಬ್ಬರೇ.

ಸಾಹೇಬರು ಪರಿಹಾರಕ್ಕೆ ಕೇಸು ಹಾಕಿದರು. ಎರಡು ವರ್ಷ ವಾಯಿದೆಯ ಮೇಲೆ ವಾಯಿದೆ. ಕೊನೆಗೊಂದು ದಿನ ನನ್ನನ್ನು ಸಾಕ್ಷಿಗೆ ಕರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಬಸ್ಸಿನ ಕಡೆಯ ವಕೀಲರು ವಯರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ನೀವು ಎಷ್ಟನೇ ಕ್ಲಾಸು ಓದಿದ್ದೀರಿ?"

"ಎಂಟನೇ ಕ್ಲಾಸು."

"ವಿದ್ಯುತ್ತಿನ ಬಗ್ಗೆ ಯಾವುದಾದರೂ ಸರ್ಟಿಫಿಕೇಟು ಉಂಟಾ?"

"ಇಲ್ಲ."

"ಲೈಟು ಇರಲಿಲ್ಲ ಎಂದಾದರೆ ನಿಮ್ಮ ಅಂಗಡಿಗೇ ಕೆಟ್ಟ ಹೆಸರು, ಅಲ್ವಾ?"

ಹೌದು ಎಂದೆ. ಬೇರೆ ಏನು ಹೇಳುವುದು? ಅವರು ಕುಳಿತುಬಿಟ್ಟರು. ಓಡುವ ಬಸ್ಸನ್ನು ಓಡುವ ಬೈಕಿನ ಹಿಂಬದಿಗೆ ಗುದ್ದಿಸಿದ ಡ್ರೈವರನನ್ನು ಯಾರೂ ಎಷ್ಟು ಓದಿದ್ದೀಯೆಂದು ಕೇಳಿರಲಿಲ್ಲ. ನನ್ನ ನಂತರ ಕಂಡಕ್ಟರನ ಸರದಿ. ಲೈಟು ಇರಲಿಲ್ಲ ಎಂದು ಗಿಳಿಯ ಹಾಗೆ ಹೇಳಿದ. ಸಾಹೇಬರ ವಕೀಲರು, ಬಸ್ಸಿನಲ್ಲಿ ನೀನೆಲ್ಲಿದ್ದೆ ಎಂದು ಕೇಳಿದರು.

"ಹಿಂದಿನ ಬಾಗಿಲಲ್ಲಿ. ಟಿಕೇಟ್ ಮಾಡ್ತಾ ಇದ್ದೆ."

"ಬಸ್ಸು ತುಂಬ ಜನ. ಅಲ್ಲಿಂದ ಮುಂದಿನ ರಸ್ತೆ ಕಾಣ್ತಿತ್ತಾ?"

ಎರಡು ವರ್ಷ ಊರಿಡೀ ಸಾರಿದ ಬಾಯಿ ಆಗ ಮುಚ್ಚಿಕೊಂಡಿತು. ನ್ಯಾಯಾಧೀಶರು ಲಕೋಟೆ ಒಡೆಸಿ, ಕನ್ನಡಕ ಸರಿಮಾಡಿಕೊಂಡು ಬಲ್ಬನ್ನು ನೋಡಿ, ಏನೋ ಬರೆದುಕೊಂಡರು. ನಾನು ಬಸ್ಸಿನಲ್ಲಿ ಮರಳುವಾಗ ಗೆದ್ದೆವೆಂದೇ ತಿಳಿದಿದ್ದೆ.

ತೀರ್ಪು ಬರಲೇ ಇಲ್ಲ. ಅದಕ್ಕೆ ಮೊದಲೇ ಸಾಹೇಬರು ಬಸ್ಸಿನವರೊಡನೆ ರಾಜಿ ಮಾಡಿಕೊಂಡರು. ಅದೂ ನನಗೆ ಗೊತ್ತಾದದ್ದು ಬೇರೊಬ್ಬ ಗಿರಾಕಿಯ ಬಾಯಿಂದ. ಆ ಸಂಜೆಯೇ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟುಕೊಂಡು ಬೀಡಿ ಪರಿಶೀಲಿಸುತ್ತಿದ್ದರು.

"ರಾಜಿ ಪತ್ರದಲ್ಲಿ ಲೈಟಿನ ವಿಷಯ ಎಂತ ಬರೆದಿದ್ದಾರೆ?" ಎಂದೆ.

"ಅದೆಲ್ಲ ಏನೂ ಬರೆಯಲಿಲ್ಲ. ಯಾರ ತಪ್ಪೂ ಬರೆಯಲಿಲ್ಲ."

"ಲೈಟು ಉರಿಯುತ್ತಿತ್ತು ಎಂದು ಒಂದು ಸಾಲು ಬರೆಸಬಹುದಿತ್ತಲ್ಲ ಸಾಹೇಬರೇ. ಒಂದೇ ಸಾಲು."

ಅವರು ಬೀಡಿ ಕಟ್ಟೊಂದನ್ನು ಕೆಳಗಿಟ್ಟರು. "ಕೇಳಿ ಮಾರಾಯ್ರೆ. ಇಲ್ಲಿಗೆ ಬೀಡಿ ತರುವ ಹೆಂಗಸರು ಬರುದು ಅದೇ ಬಸ್ಸಿನಲ್ಲಿ. ಕೇಸು ಹಾಕಿದ ಮೇಲೆ ಅವರ ಚೀಲ ಹತ್ತಿಸುದಿಲ್ಲ, ಸ್ಟಾಪಿನಲ್ಲಿ ನಿಲ್ಲಿಸುದಿಲ್ಲ. ಎರಡು ವರ್ಷ ಅವರು ನಡೆದು ಬಂದಿದ್ದಾರೆ. ನನ್ನ ಕಾಲು ಹೋದದ್ದು ಹೋಯಿತು. ಅವರ ಕಾಲು ಎಂತ ಮಾಡಿತ್ತು?"

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಅವರ ಹೆಂಡತಿ ಇಟ್ಟ ಚಹಾವನ್ನು ಮುಟ್ಟದೆ ಎದ್ದು ಬಂದೆ. ದಾರಿಯುದ್ದಕ್ಕೂ ಅವರನ್ನೇ ಬೈದುಕೊಂಡೆ. ಹೆಂಗಸರನ್ನು ನಡೆಸಿದವರ ಮೇಲೆ ಬರಬೇಕಾದ ಸಿಟ್ಟನ್ನು ಕಾಲು ಮುರಿದವರ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂಬುದು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು.

ಮುಂದಿನ ಭಾನುವಾರ ಮತ್ತೆ ಹೋದೆ. ಸಾಹೇಬರು ಏನೂ ಆಗದವರಂತೆ ಕುರ್ಚಿ ತೋರಿಸಿದರು. ಒಳಗಿನಿಂದ ಚಹಾ ಬಂತು, ಜೊತೆಗೆ ಒಂದು ತಟ್ಟೆ ಪತ್ತಿರಿ ಎಂಬ ಅಕ್ಕಿರೊಟ್ಟಿಯೂ ಬಂತು. ಎರಡನ್ನೂ ಖಾಲಿ ಮಾಡಿದೆ.